ಅಪ್ಪನಿಗೆ ಓದಬೇಡಿ

ಡಿಸೆಂಬರ್ ೨

ಚಿರಂಜೀವಿ ಸೂಜಿಗೆ ನಿನ್ನ ಸೋದರತ್ತೆಯ ಆಶೀರ್ವಾದ.

ಪುಟ್ಟ ಬಾಬಿನ್‌ಗೆ ಕೆಳಗಿನ ಹಲ್ಲು ಬಂತೇ? ಅಳಿಯಂದಿರ ಕೈಗೆ ಬೇಕರಿಯ ಒಲೆ ತಾಗಿ ಸುಟ್ಟಿದ್ದು ಒಣಗಿತೇ? ಬೀಗಿತ್ತಿಯವರ ಮಂಡಿನೋವು ಹೇಗಿದೆ, ಮೆಟ್ಟಿಲು ಇಳಿಯುತ್ತಾರೋ ಇನ್ನೂ ಮೇಲಿನಿಂದಲೇ ರಾಜ್ಯಭಾರವೋ? ನಿನ್ನನ್ನು ಮಾತ್ರ ನಾನು ಕೇಳುವುದಿಲ್ಲ. ಕಾಗದದ ಸಾಲುಗಳು ಬಲಕ್ಕೆ ಜಾರಿವೆ. ನಿನಗೆ ನಿದ್ದೆ ಸಾಲದು ಅಂತ ಅವೇ ಹೇಳುತ್ತಿವೆ.

ಇಲ್ಲಿ ನಾವಿಬ್ಬರೂ ಇದ್ದಹಾಗೇ ಇದ್ದೇವೆ. ನನಗೆ ಕಿವಿ ಇಲ್ಲ, ನಿಮ್ಮಪ್ಪನಿಗೆ ಕಣ್ಣಿಲ್ಲ. ಇಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬ ಪೂರ್ತಿ ಮನುಷ್ಯ ಆಗಿ ಚೂರು ಬಟ್ಟೆಯೂ ಮಿಗುತ್ತದೆ. ಫೋನು ಬಂದರೆ ಅವನ ಪಾಲು, ಕಾಗದ ಬಂದರೆ ನನ್ನ ಪಾಲು.

ಕಾಗದದೊಳಗೆ ಮಡಿಸಿಟ್ಟಿದ್ದ ಅರ್ಧ ಹಾಳೆಯೂ ಸಿಕ್ಕಿತು. ಮೇಲೆ "ಅಪ್ಪನಿಗೆ ಓದಬೇಡಿ" ಅಂತ ಬರೆದು ಕೆಳಗೆ ಗೆರೆ ಎಳೆದಿದ್ದೀಯಲ್ಲ, ಒಳ್ಳೆಯದೇ ಮಾಡಿದೆ. ದೊಡ್ಡ ಹಾಳೆಯನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅರ್ಧ ಹಾಳೆಯನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ಮನಸ್ಸಿನಲ್ಲೇ ಓದಿಕೊಂಡೆ. ಅವನು ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದ. ನಡುವೆ ನೋಡಿದರೆ ಕೈ ನಿಂತುಹೋಗಿತ್ತು. ತೂಕಡಿಕೆ ಇರಬೇಕು, ಪಾಪ.

ಕಣ್ಣು ಹೋದ ಮೇಲೆ ತನ್ನ ಸ್ಪರ್ಧೆಯ ಬಂದೂಕನ್ನು ನಿನ್ನ ಹೆಸರಿಗೆ ಬರೆಸಿಕೊಟ್ಟು ಬಂದ ದಿನ "ಇನ್ನು ಇದರ ಸುದ್ದಿ ಈ ಮನೇಲಿ ಬೇಡ" ಅಂದಿದ್ದನಲ್ಲ, ಆ ಮಾತನ್ನು ಇವತ್ತಿಗೂ ಮುರಿದಿಲ್ಲ. ಗೋಡೆಯ ಮೇಲಿದ್ದ ಪದಕಗಳನ್ನು ತಾನೇ ತಡವಿ ತಡವಿ ತೆಗೆದು ಪೆಟ್ಟಿಗೆಗೆ ಹಾಕಿದ. ಮೊಳೆಗಳು ಹಾಗೇ ಇವೆ. ಅಂಥವನಿಗೆ ಆ ಬಂದೂಕು ಮಗಳ ಕೈಯಲ್ಲಿ ಮುಷ್ಕರ ಹೂಡಿದೆ ಅಂತ ಹೇಗೆ ಹೇಳಲಿ? ನೀನು ಹೇಳಬೇಡ ಅಂದದ್ದೇ ಸರಿ.

ಈಗ ಕಾಯಿಲೆಯ ವಿಚಾರ. ನಾನು ತಿಳಿದುಕೊಂಡದ್ದು ಇದು, ತಪ್ಪಿದ್ದರೆ ತಿದ್ದು. ಐದು ಕಬ್ಬಿಣದ ತಟ್ಟೆಗಳು ಸಾಲಾಗಿ ನಿಂತಿರುತ್ತವೆ. ಗಂಟೆ ಹೊಡೆದ ಕೂಡಲೆ ಬೇಗ ಬೇಗ ಬೀಳಿಸಬೇಕು, ಹೀಗೆ ಮೂರು ಸುತ್ತು. ಬಂದೂಕು ಕೈಕೊಟ್ಟರೆ ಅದೂ ಗುರಿ ತಪ್ಪಿದ ಲೆಕ್ಕವೇ, ಎರಡನೇ ಅವಕಾಶ ಇಲ್ಲ. ತಂಡದಲ್ಲಿ ಒಂದೇ ಜಾಗ ಖಾಲಿ ಇದೆ, ಫೆಬ್ರವರಿಯಲ್ಲಿ ಆಯ್ಕೆ. ನಿನ್ನ ಗುರಿಯಲ್ಲಿ ತಪ್ಪಿಲ್ಲ, ಬಂದೂಕಿನಲ್ಲಿ ಎರಡು ತಪ್ಪಿವೆ. ಒಂದು, ಕುದುರೆ ಎಳೆದು ಒಂದು ಗುಂಡು ಹಾರಿದ ಮೇಲೆ ಮುಂದಿನದು ಗುಂಡು ತುಂಬಿಡುವ ಮ್ಯಾಗಜಿನ್‌ನಿಂದ ತಾನಾಗಿ ಮೇಲೇರಿ ಒಳಗೆ ಕೂರಬೇಕು. ಅದು ಕೆಲವು ಸಲ ಮೂಗು ಮೇಲೆತ್ತಿ ಸಿಕ್ಕಿಕೊಳ್ಳುತ್ತದೆ. ಎರಡು, ಸರಿಯಾಗಿ ಒಳಗೆ ಕೂತ ಗುಂಡೂ ಕೆಲವು ಸಲ ಟಿಕ್ ಅಂದು ಸುಮ್ಮನಾಗುತ್ತದೆ.

ಬಂದೂಕು ನನ್ನ ಕಸುಬಲ್ಲ. ಆದರೆ ಸ್ಪ್ರಿಂಗು, ಪಿನ್ನು, ತಗಡು ಇರುವ ಯಾವ ಯಂತ್ರವೂ ನನಗೆ ಪರರ ಮನೆಯಲ್ಲ. ಯಾರೂ ಕಲಿಸದೆ ಹೊಲಿಗೆ ಮಿಷಿನ್ನಿನ ಹೊಟ್ಟೆ ಬಿಚ್ಚಿ ಕಲಿತವಳು ನಾನು. ನೀನು ಈ ರಿಪೇರಿ ಅಂಗಡಿಯ ಬೆಂಚಿನ ಕೆಳಗೇ ಬೆಳೆದವಳು. ಎರಡು ಕಾಯಿಲೆಯನ್ನು ಒಂದೇ ಔಷಧಿಯಲ್ಲಿ ವಾಸಿಮಾಡಲು ಹೋಗಬೇಡ. ನಿನ್ನ ಹತ್ತಿರ ಎರಡು ಮ್ಯಾಗಜಿನ್ ಇವೆಯಲ್ಲ, ಒಂದಕ್ಕೆ ಉಗುರುಬಣ್ಣದ ಬೊಟ್ಟಿಡು. ಸಿಕ್ಕಿಕೊಳ್ಳುವುದು ಬೊಟ್ಟಿನದೋ ಬೋಳಿನದೋ ನೋಡು. ಟಿಕ್ ಅನ್ನುವುದಕ್ಕೆ ಬೇರೆ ದಾರಿ. ಈ ಸಣ್ಣ ಗುಂಡಿಗೆ ಮದ್ದಿನ ಕಿಡಿ ಇರುವುದು ತಳದ ಅಂಚಿನಲ್ಲಿ, ಪಿನ್ನು ಆ ಅಂಚಿಗೇ ಬಡಿಯಬೇಕು ಅಂತ ನಿಮ್ಮಪ್ಪ ಹಿಂದೆ ಹೇಳುತ್ತಿದ್ದ. ಹಾರಿದ ಗುಂಡುಗಳ ಖಾಲಿ ಕೊಳವೆ ತೆಗೆದುಕೊಂಡು ಅದರ ತಳವನ್ನು ಬಟ್ಟೆಸೋಪಿಗೆ ಒತ್ತಿ ಕಳಿಸು. ಖಾಲಿಯದನ್ನು ಮಾತ್ರ, ತಿಳಿಯಿತೇ? ಕೊಳವೆಯ ಮೇಲೆ ಬಿದ್ದ ಗುಣಿ ಸೋಪಿನಲ್ಲಿ ಗುಬುಟಾಗಿ ಏಳುತ್ತದೆ. ಏಟು ಎಷ್ಟು ಜೋರು ಅಂತ ನನ್ನ ಬೆರಳೇ ಹೇಳುತ್ತದೆ.

ಟಿಕ್ ಅಂದಾಗ ಗಡಿಬಿಡಿಯಲ್ಲಿ ತೆರೆಯಬೇಡ. ಬಾಯಿ ಗುರಿಯ ಕಡೆಗೇ ಇಟ್ಟು ನಿಧಾನ ಮೂವತ್ತು ಎಣಿಸು. ತಡವಾಗಿ ಹಾರುವ ಗುಂಡೂ ಇರುತ್ತದಂತೆ. ಇದೂ ನಿಮ್ಮಪ್ಪ ಹೇಳಿದ್ದೇ, ಮಾತು ಬಿಡುವ ಮುಂಚೆ.

ನಿನ್ನ ಅತ್ತೆ


ಡಿಸೆಂಬರ್ ೧೩

ಪ್ರೀತಿಯ ಅತ್ತೆಗೆ ನಮಸ್ಕಾರ.

ಹಲ್ಲು ಒಂದಲ್ಲ, ಎರಡು ಬಂದಿವೆ. ಅವುಗಳ ಮೊದಲ ಬಲಿ ಇವರ ಅಮ್ಮನ ಕನ್ನಡಕದ ಕಾಲು. ಇವರ ಕೈ ಒಣಗಿದೆ. ದೊಡ್ಡ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ, ಅದನ್ನು ಅಪ್ಪನಿಗೆ ಓದಿ. ಇದನ್ನು ಬೇಡ.

ಉಗುರುಬಣ್ಣದ ಉಪಾಯ ಒಂದೇ ವಾರದಲ್ಲಿ ಫಲಿಸಿತು. ಸಿಕ್ಕಿಕೊಳ್ಳುವುದೆಲ್ಲ ಬೊಟ್ಟಿನ ಮ್ಯಾಗಜಿನ್ನೇ. ಬೋಳಿನದು ಸಾಧು. ಬೊಟ್ಟಿನದನ್ನು ನಾನೊಮ್ಮೆ ಸಿಮೆಂಟು ನೆಲಕ್ಕೆ ಬೀಳಿಸಿದ್ದು ಆಮೇಲೆ ನೆನಪಾಯಿತು.

ಟಿಕ್ ಮಾತ್ರ ಎರಡರಲ್ಲೂ ಇದೆ. ಅದೂ ಬೆಳಗ್ಗೆಯೇ ಹೆಚ್ಚು. ಬಸ್ ನಿಲ್ದಾಣದಲ್ಲಿ ನನ್ನ ಟಿಕೆಟ್ ಕೌಂಟರ್ ತೆರೆಯುವ ಮುಂಚೆ ಕ್ಲಬ್ಬಿಗೆ ಹೋಗಿ ಅಭ್ಯಾಸ ಮಾಡುತ್ತೇನೆ, ಆಗ. ರಜಾದಿನ ಮಧ್ಯಾಹ್ನ ಹೋದರೆ ಅಷ್ಟಾಗಿ ಇಲ್ಲ. ಸೋಪಿನ ಎರಡು ಬಿಲ್ಲೆ ಕಳಿಸಿದ್ದೇನೆ. ಒಂದು ಬೆಳಗಿನದು, ಇನ್ನೊಂದು ಮಧ್ಯಾಹ್ನದ್ದು, ಬದಿಯಲ್ಲಿ ಕೆತ್ತಿದ್ದೇನೆ. ನಾನು ಕೂತು ಸೋಪಿಗೆ ಕೊಳವೆ ಒತ್ತುವುದನ್ನು ನಮ್ಮ ತರಬೇತುದಾರರು, ಅದೇ ಮೀಸೆ ಸಾರ್, ನಿಂತು ನೋಡಿದರು. "ಬಂದೂಕಿಗೆ ಬಟ್ಟೆ ಒಗೀತಿದೀಯೇನಮ್ಮ?" ಅಂದರು. ನಮ್ಮ ಸೋದರತ್ತೆಯ ಆಸ್ಪತ್ರೆಗೆ ರಕ್ತಪರೀಕ್ಷೆಗೆ ಕಳಿಸ್ತಿದೀನಿ ಸಾರ್ ಅಂದೆ. ನಕ್ಕು ಹೋದರು. ಅವರಿಗೆ ಈ ಹಳೆಯ ಬಂದೂಕಿನ ಮೇಲೆ ನಂಬಿಕೆ ಇಲ್ಲ.

ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೇನೆ ಅತ್ತೆ, ನಮ್ಮ ಅಂಗಡಿಯ ಮಿಷಿನ್ ಇದ್ದಹಾಗೆ. ಆದರೂ ಯಾಕೆ ಹೀಗೆ ಅಂತ ಗೊತ್ತಾಗುತ್ತಿಲ್ಲ.

ನಿಮ್ಮ ಸೂಜಿ


ಡಿಸೆಂಬರ್ ೨೧

ಚಿರಂಜೀವಿ ಸೂಜಿಗೆ ಆಶೀರ್ವಾದ.

ಸೋಪು ಬಂದು ತಲುಪಿತು. ಅಂಚೆಯವನು ಪೊಟ್ಟಣ ಮೂಸಿ ನೋಡಿ ಕೊಟ್ಟ.

ಮೊದಲು ಮ್ಯಾಗಜಿನ್. ಅದರ ಬಾಯಿಯ ಎರಡು ಕಡೆ ಗುಂಡನ್ನು ಹಿಡಿದುಕೊಳ್ಳುವ ತಗಡಿನ ತುಟಿಗಳಿವೆಯಲ್ಲ, ಬಿದ್ದ ಏಟಿಗೆ ಒಂದು ತುಟಿ ಸೊಟ್ಟಗಾಗಿದೆ, ನನ್ನ ಮಾತು ಬರೆದಿಟ್ಟುಕೋ. ತುಟಿ ಸೊಟ್ಟಗಾದವರು ಸೀಟಿ ಹೊಡೆದಹಾಗೆ, ಗುಂಡು ಎತ್ತಲೋ ಹೋಗುತ್ತದೆ. ಎರಡನ್ನೂ ಖಾಲಿ ಮಾಡಿ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿ. ಸಾಧುವಿನ ತುಟಿ ಹೇಗಿದೆಯೋ ಹಾಗೆ ಇದರದ್ದನ್ನು ಕ್ಲಬ್ಬಿನ ಮಿಸ್ತ್ರಿಯ ಕೈಯಲ್ಲಿ ತಿದ್ದಿಸು. ಕೂದಲೆಳೆಯಷ್ಟು ಸಾಕು. ಆಗದಿದ್ದರೆ ಹೊಸದೇ ತೆಗೆದುಕೋ, ಹಟ ಬೇಡ.

ಇನ್ನು ಟಿಕ್. ಬೆಳಗಿನ ಬಿಲ್ಲೆಯ ಗುಬುಟುಗಳು ಸಾಸಿವೆಯಷ್ಟಿವೆ, ಮಧ್ಯಾಹ್ನದವು ಮೆಣಸಿನಷ್ಟು. ಹಾರಿದವುಗಳ ಗತಿಯೇ ಹೀಗೆಂದರೆ ಹಾರದವುಗಳ ಮೇಲೆ ಏಟು ಇನ್ನೂ ಮೆತ್ತಗೆ ಬಿದ್ದಿರಬೇಕು. ಅಂದರೆ ಗುಂಡಿನ ದೋಷ ಅಲ್ಲ, ಪಿನ್ನಿಗೆ ಜೋರು ಸಾಲದು. ಪಿನ್ನಿಗೆ ಬಡಿಯುವ ಸುತ್ತಿಗೆಯನ್ನು ತಳ್ಳುವ ಸ್ಪ್ರಿಂಗು ದಣಿದಿದೆ. ಎಷ್ಟು ವರ್ಷ ನಿಮ್ಮಪ್ಪನ ಹತ್ತಿರ ದುಡಿದಿದೆ ಅದು! ಹೊಸ ಸ್ಪ್ರಿಂಗು ಹಾಕಿಸು. ಬೆರಳಲ್ಲಿ ಮುಟ್ಟಿ ಇಲ್ಲಿಂದಲೇ ಹೇಳಿಬಿಟ್ಟೆ ನೋಡು, ನಿಮ್ಮ ಮೀಸೆಯವರಿಗೆ ಹೇಳು, ಆಸ್ಪತ್ರೆಯ ವರದಿ ಬಂತು ಅಂತ.

ಒಂದು ಬೇಜಾರಿನ ಸಂಗತಿ. ಬೆಳಗಿನ ಬಿಲ್ಲೆಯನ್ನು ಬೆಂಚಿನ ಮೇಲೆ ಬಿಟ್ಟು ಮಲಗಿದ್ದೆ. ಎದ್ದು ನೋಡಿದರೆ ಗುಬುಟುಗಳ ಪಕ್ಕದಲ್ಲೆಲ್ಲ ಸಣ್ಣ ಸಣ್ಣ ಕಚ್ಚು. ಇಲಿ ಬಂದಿದೆ. ಇಷ್ಟು ದಿನ ಇರಲಿಲ್ಲ. ಬೋನು ತಂದಿಟ್ಟಿದ್ದೇನೆ.

ನಿಮ್ಮಪ್ಪ ಚೆನ್ನಾಗಿದ್ದಾನೆ. ಯಾಕೋ ನಿನ್ನ ಊರಿನ ಮೇಲೆ ಗಮನ ಹೆಚ್ಚಾಗಿದೆ. "ಅಲ್ಲಿ ಬೆಳಗ್ಗೆ ಚಳಿ ಹೇಗಿರತ್ತಂತೆ?" ಅಂತ, ಕೂಗಿದರೆ ಅಷ್ಟಿಷ್ಟು ಕೇಳುವ ನನ್ನ ಎಡಗಿವಿಗೆ ಬಾಯಿಟ್ಟು ಕೇಳಿದ. ಮಾರನೇ ದಿನ ಮತ್ತೆ ಅದೇ. ಮೊಮ್ಮಗನ ಚಿಂತೆ ಅವನಿಗೆ, ಬಾಯಿಬಿಟ್ಟು ಹೇಳಲಾರ. ಅದಕ್ಕೇ ಬಾಬಿನ್‌ಗೆ ಹತ್ತಿ ತುಂಬಿದ ಕೋಟು ಹೊಲಿದು ಕಳಿಸಿದ್ದೇನೆ. ತೋಳು ಉದ್ದ ಬಿಟ್ಟಿದ್ದೇನೆ, ಮಡಿಸಿ ಹಾಕು. ಕೋಟು ಹೊಲಿದೆ ಅಂತ ಅವನಿಗೆ ಹೇಳಿದರೆ, ಹೂಂ ಅಂದು ಮುಖ ತಿರುಗಿಸಿಕೊಂಡ. ಗಂಡಸರ ಪ್ರೀತಿಯೇ ಹೀಗೆ.

ಸ್ಪ್ರಿಂಗು ಹಾಕಿಸಿದ ಕೂಡಲೆ ಬರೆ.

ಅತ್ತೆ


ಜನವರಿ ೮

ಸೂಜಿ,

ಕೋಟು ತಲುಪಿತೇ? ತೋಳು ತೀರಾ ಉದ್ದವಾಯಿತೇ? ಬೀಗಿತ್ತಿಯವರಿಗೆ ಏನೂ ಆಗಿಲ್ಲ ತಾನೇ?

ನಿನ್ನಿಂದ ಕಾಗದ ಇಲ್ಲ. ಅಂಚೆಯವನು ನಮ್ಮ ಬಾಗಿಲು ದಾಟುವಾಗ ಸೈಕಲ್ಲಿನ ವೇಗ ಹೆಚ್ಚಿಸುತ್ತಿದ್ದಾನೆ, ನನ್ನ ಮುಖ ನೋಡಲಾಗದೆ. ನಿಮ್ಮಪ್ಪನ ಜೊತೆ ನೀನು ಫೋನಿನಲ್ಲಿ ಮಾತಾಡಿದೆಯಂತೆ. "ಎಲ್ಲ ಚೆನ್ನಾಗಿದಾರೆ" ಅಂದ. ಅಷ್ಟೇ. ಅವನಿಗೆ ಅಷ್ಟು ಸಾಕು.

ಮ್ಯಾಗಜಿನ್ ಬೀಳಿಸಿದ್ದಕ್ಕೆ ತುಟಿ ಸೊಟ್ಟ ಅಂತ ಆಡಿದ್ದು ನಿನಗೆ ಚುಚ್ಚಿತೇ? ಅದು ತಮಾಷೆಗೆ, ಮಗಳೇ. ನನ್ನ ಬಾಯಿ ನಿನಗೆ ಹೊಸದಲ್ಲವಲ್ಲ.

ಎರಡು ಸಾಲಾದರೂ ಹಾಕು.

ಅತ್ತೆ


ಜನವರಿ ೧೫

ಪ್ರೀತಿಯ ಅತ್ತೆಗೆ,

ಕೋಪವೂ ಇಲ್ಲ, ಏನೂ ಇಲ್ಲ. ನಿಮಗೆ ಬರೆಯಲು ಕೈ ಏಳಲಿಲ್ಲ ಅಷ್ಟೇ. ಕೋಟು ಹಾಕಿಕೊಂಡು ಬಾಬಿನ್ ಸಣ್ಣ ಪೊಲೀಸಿನವನಂತೆ ಕಾಣುತ್ತಾನೆ.

ಇದನ್ನೂ ಅಪ್ಪನಿಗೆ ಓದಬೇಡಿ.

ಮ್ಯಾಗಜಿನ್ ವಾಸಿಯಾಯಿತು. ತುಟಿ ತಿದ್ದಿಸಿದ ಮೇಲೆ ಒಂದು ಸಲವೂ ಸಿಕ್ಕಿಕೊಂಡಿಲ್ಲ. ಹಾಗಾಗಿ ಸ್ಪ್ರಿಂಗೂ ನಿಮ್ಮ ಮಾತಿನಂತೆಯೇ ಅಂದುಕೊಂಡು ಹಾಕಿಸಿದೆ. ಮಿಸ್ತ್ರಿ ಎಲ್ಲ ಬಿಚ್ಚಿ ಒರೆಸಿ ಹೊಸದು ಹಾಕಿಕೊಟ್ಟ. ನಾಲ್ಕು ದಿನ ಗಡಿಯಾರದಂತೆ ನಡೆಯಿತು. ನಿಮಗೆ ಬರೆಯಬೇಕು ಅಂತ ಕೂತಿದ್ದೆ, ಐದನೇ ದಿನ ಬೆಳಗ್ಗೆ ಟಿಕ್. ಅದೂ ಒಂದೇ ಬೆಳಗ್ಗೆ ಮೂರು ಸಲ. ನಿಮ್ಮ ಔಷಧಿ ಹಿಡಿಯಲಿಲ್ಲ ಅಂತ ನಿಮಗೆ ಹೇಗೆ ಬರೆಯಲಿ?

ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ. ಮೀಸೆ ಸಾರ್ ಡಿಸೆಂಬರಿನಲ್ಲೇ ಕ್ಲಬ್ಬಿನ ಹೊಸ ಬಂದೂಕು ಕೊಡುತ್ತೇನೆ ಅಂದಿದ್ದರು. ಬೇಡ ಅಂದಿದ್ದೆ. ಐದನೇ ದಿನ ಟಿಕ್ ಅಂದಾಗ ಹೋಗಿ ಇಸಕೊಂಡೆ. ಎರಡು ವಾರದಿಂದ ಅದರಲ್ಲೇ ಹೊಡೆಯುತ್ತಿದ್ದೇನೆ. ಒಂದು ದಿನವೂ ಟಿಕ್ ಅಂದಿಲ್ಲ. ಆದರೆ ಐದನೇ ತಟ್ಟೆ ಬೀಳುವುದಿಲ್ಲ. ಅಪ್ಪನ ಬಂದೂಕಿನ ಹಿಂಬದಿ ನನ್ನ ಭುಜಕ್ಕೆ ಕೂರುವ ಜಾಗ ನನಗೆ ನೋಡದೆ ಗೊತ್ತು. ಇದು ಪ್ರತಿ ಸಲ ಹೊಸಬರ ಮನೆಯ ಕುರ್ಚಿ. ಮೀಸೆ ಸಾರ್ ಹೇಳುವುದೂ ನ್ಯಾಯವೇ: "ಹಾರದ ಗುಂಡಿಗಿಂತ ತಪ್ಪಿದ ಗುಂಡು ವಾಸಿ, ಅದನ್ನ ತಿದ್ದಬಹುದು." ಜನವರಿ ಮೂವತ್ತೊಂದಕ್ಕೆ ಯಾವ ಬಂದೂಕು ಅಂತ ಬರೆದುಕೊಡಬೇಕು. ಆಮೇಲೆ ಬದಲಿಸುವ ಹಾಗಿಲ್ಲ.

ಒಂದೇ ಒಂದು ಸಲ ಕೇಳುತ್ತೇನೆ. ಅಪ್ಪನ ಬಂದೂಕಿಗೆ ನಾನು ಮಾಡುವುದನ್ನೆಲ್ಲ ಬರೆಯುತ್ತೇನೆ, ಎಲ್ಲಿ ಬಿಟ್ಟಿದ್ದೇನೆ ಹೇಳಿ. ಕ್ಲಬ್ಬಿನ ಬೀರುವಿನಿಂದ ತೆಗೆಯುತ್ತೇನೆ. ಖಾಲಿ ಇದೆಯೇ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡುತ್ತೇನೆ. ನಳಿಗೆಗೆ ಬಟ್ಟೆ ಎಳೆಯುತ್ತೇನೆ. ಆಮೇಲೆ ನೀವು ಕಲಿಸಿದ ಹಾಗೆ, ಪಿನ್ನು ಒಳಗಿರುವ ಬೋಲ್ಟಿನ ಒಂದೊಂದು ತೂತಿಗೂ ಬೆಳಗಿನ ಹನಿ: ಮುಂದೆ, ನಡುವೆ, ಹಿಂದೆ. ಹೊಟ್ಟೆ ತುಂಬಿದ ಯಂತ್ರ ಜಗಳ ಆಡಲ್ಲ ಅನ್ನುತ್ತಿದ್ದಿರಲ್ಲ. ನೀವು ಕೊಟ್ಟ ಮೂತಿಯುದ್ದದ ಎಣ್ಣೆಡಬ್ಬಿ ಇನ್ನೂ ಅದೇ. ಒಂದು ದಿನವೂ ತಪ್ಪಿಸಿಲ್ಲ. ಆಮೇಲೆ ಗುಂಡು ತುಂಬಿ ನಿಲ್ಲುತ್ತೇನೆ.

ಇದರಲ್ಲಿ ಏನು ಕಡಿಮೆಯಾಯಿತು? ಗೊತ್ತಾಗದಿದ್ದರೆ ಬಿಡಿ. ಹೊಸದನ್ನೇ ಬರೆದುಕೊಡುತ್ತೇನೆ. ಅಪ್ಪನಿಗೆ ಯಾವಾಗ ಹೇಗೆ ಹೇಳುವುದು ಅನ್ನುವುದನ್ನು ನಿಮಗೇ ಬಿಟ್ಟಿದ್ದೇನೆ.

ನಿಮ್ಮ ಸೂಜಿ


ಜನವರಿ ೧೯

ಚಿರಂಜೀವಿ ಸೂಜಿಗೆ,

ಇವತ್ತು ಎಲ್ಲರ ಕ್ಷೇಮವನ್ನು ಒಟ್ಟಿಗೇ ಕೇಳಿಬಿಡುತ್ತೇನೆ, ಕೈ ತಡೆಯುತ್ತಿಲ್ಲ. ಮೊದಲು ಒಂದು ಮಾತು: ಹೊಸದನ್ನು ಬರೆದುಕೊಡಬೇಡ, ಈ ಕಾಗದ ಮುಗಿಸುವವರೆಗೆ.

ನಿನ್ನ ಕಾಗದ ಬಂದಾಗ ನಾನು ಅಂಗಡಿಯ ಬೆಂಚಿನ ಮೇಲಿದ್ದೆ, ನಿಮ್ಮಪ್ಪ ಬಾಗಿಲ ಹತ್ತಿರದ ಕುರ್ಚಿಯಲ್ಲಿ. ಎಂದಿನಂತೆ ಮನಸ್ಸಿನಲ್ಲೇ ಓದಿಕೊಳ್ಳುತ್ತಾ ಹೋದೆ. ಬೆಳಗಿನ ಹನಿ ಅನ್ನುವ ಸಾಲು ಬಂದಾಗ ನನಗೆ ಎದೆ ಉಬ್ಬಿತು. ನಾನು ಕಲಿಸಿದ್ದನ್ನು ಒಂದು ದಿನವೂ ತಪ್ಪಿಸಿಲ್ಲವಲ್ಲ ಈ ಹುಡುಗಿ, ಇನ್ನೇನು ಕಡಿಮೆಯಾಗಿದ್ದೀತು ಅಂತ ಮುಂದಿನ ಸಾಲಿಗೆ ಹೋದೆ. ಕಾಲಡಿಯ ಹಲಗೆ ನಡುಗಿತು. ತಲೆ ಎತ್ತಿದರೆ ನಿಮ್ಮಪ್ಪ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದಾನೆ. ಭುಜ ಕುಣಿಯುತ್ತಿದೆ, ಕಣ್ಣಲ್ಲಿ ನೀರು. ಎದೆನೋವೋ ಏನೋ ಅಂತ ಓಡಿದೆ. ನಗುತ್ತಿದ್ದಾನೆ!

ಎಡಗಿವಿಗೆ ಬಾಯಿಟ್ಟು ಕೂಗಿದ: "ಅಕ್ಕಾ, ಅವಳು ಬಂದೂಕಿಗೆ ದಿನಾ ಎಣ್ಣೆ ಕುಡಿಸ್ತಿದಾಳೆ."

"ನಿನಗೆ ಹೇಗೆ ಗೊತ್ತು?"

"ನೀನೇ ಓದಿದೆಯಲ್ಲ."

"ನಾನು ಮನಸ್ಸಲ್ಲಿ ಓದ್ಕೊಂಡೆ."

"ನಿನ್ನ ಮನಸ್ಸು ಬೀದಿ ಕೊನೇವರೆಗೂ ಕೇಳ್ಸತ್ತೆ. ಎದುರುಗಡೆ ಟೈಲರು ಮೊನ್ನೆ ನನ್ನ ನಿಲ್ಸಿ ಕೇಳ್ದ, ಬೊಟ್ಟಿನ ಮ್ಯಾಗಜಿನ್ ಸರಿಹೋಯ್ತಾ ಅಂತ."

ಸೂಜಿ, ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತುಟಿ ಆಡಿಸಿ ಓದುವುದು ನನ್ನ ಅಭ್ಯಾಸ, ಅದು ಗೊತ್ತು. ತುಟಿಯ ಹಿಂದೆಯೇ ಧ್ವನಿಯೂ ಹೊರಡುತ್ತದೆ ಅಂತ ಕಿವಿ ಇಲ್ಲದವಳಿಗೆ ಯಾರು ಹೇಳಬೇಕು? ಹೇಳಬೇಕಾದವನು ಕೂತು ಕೇಳುತ್ತಿದ್ದ. ಮೊದಲ ಅರ್ಧ ಹಾಳೆಯಿಂದಲೂ! ಬಟಾಣಿ ಸುಲಿಯುವ ಕೈ ನಿಂತದ್ದು ತೂಕಡಿಕೆಯಿಂದಲ್ಲ. ಸೋಪು ಕಚ್ಚಿದ್ದು ಇಲಿಯಲ್ಲ, ಇವನ ಹೆಬ್ಬೆರಳಿನ ಉಗುರು. ಚಳಿ ಕೇಳಿದ್ದು ಮೊಮ್ಮಗನಿಗಾಗಿ ಅಲ್ಲ, ಬಂದೂಕಿಗಾಗಿ. ನಾನು ಕೋಟು ಹೊಲಿದೆ ಅಂದಾಗ ನಗು ತಡೆಯಲು ಮುಖ ತಿರುಗಿಸಿಕೊಂಡನಂತೆ. ಬೋನು ಇಡುವಾಗಲೂ ಸುಮ್ಮನಿದ್ದ, ಆಸಾಮಿ.

ಗೊತ್ತಿದ್ದೂ ಯಾಕೆ ಬಾಯಿಬಿಡಲಿಲ್ಲ ಅಂತ ಜಗಳ ತೆಗೆದೆ. ಊರುಗೋಲನ್ನು ಗೋಡೆಗೆ ಒರಗಿಸಿ ಹೇಳಿದ: "ಇದರ ಸುದ್ದಿ ಬೇಡ ಅಂತ ನಾನೇ ಅಂದಿದ್ದೆ. ಈಗ ಯಾವ ಮುಖ ಇಟ್ಕೊಂಡು ನಾನೇ ಎತ್ಲಿ? ಅವಳಾಗೇ ಕೇಳ್ತಾಳೆ ಅಂತ ಕಾದೆ."

ಅಲ್ಲಿ ನೀನು ಮುಚ್ಚಿಡುತ್ತಿದ್ದೆ, ಇಲ್ಲಿ ಇವನು. ನಡುವೆ ಗುಟ್ಟು ಕಾಯುವವಳು ನಾನು, ಊರಿಗೆಲ್ಲ ಡಂಗುರ ಸಾರುತ್ತಾ.

ಎಣ್ಣೆಯ ಮಾತಿಗೆ ಬಂದರೆ, ನಾನು ಸುಲಭವಾಗಿ ಒಪ್ಪಲಿಲ್ಲ. ಬೆಳಗಿನ ಹನಿಯಿಂದ ಈ ಊರಿನ ಎಷ್ಟು ಮಿಷಿನ್ನು ಬದುಕಿವೆ ಅಂತ ಕೇಳಿದೆ. ಅವನು ಒಂದೇ ಪ್ರಶ್ನೆ ಹಾಕಿದ: "ಹೊಲಿಗೆ ಮಿಷಿನ್ನಲ್ಲಿ ಮದ್ದು ಉರಿಯತ್ತಾ?" ಅಲ್ಲಿಗೆ ನನ್ನ ವಾದದ ದಾರ ತುಂಡಾಯಿತು. ಮಿಷಿನ್ನಿನಲ್ಲಿ ಬರುವುದು ಬಟ್ಟೆಯ ಧೂಳು, ಎಣ್ಣೆ ಅದನ್ನು ಹೊರಗೆ ತಳ್ಳುತ್ತದೆ. ಇಲ್ಲಿ ಬರುವುದು ಮಸಿ ಮತ್ತು ಗುಂಡಿಗೆ ಸವರಿರುವ ಮೇಣ. ಎಣ್ಣೆ ಸೇರಿದರೆ ಎಲ್ಲ ಕಲಸಿಕೊಂಡು ಅಂಟಾಗುತ್ತದೆ. ಪಿನ್ನು ಆ ಅಂಟಿನಲ್ಲಿ ಈಜಿಕೊಂಡು ಬರಬೇಕು. ಬೆಳಗಿನ ಚಳಿಗೆ ಅಂಟು ಇನ್ನೂ ಗಟ್ಟಿ. ಮಿಸ್ತ್ರಿ ಬಿಚ್ಚಿ ಒರೆಸಿದ್ದರಿಂದ ನಾಲ್ಕು ದಿನ ಚೆನ್ನಾಗಿತ್ತು, ಅದನ್ನು ನಾನು ಸ್ಪ್ರಿಂಗಿನ ಖಾತೆಗೆ ಹಾಕಿಕೊಂಡೆ. ಅಲ್ಲಿಂದ ನೀನು ಮತ್ತೆ ಕುಡಿಸಿದೆ. ನನ್ನ ಮಾತು ಸುಳ್ಳಲ್ಲ ಸೂಜಿ. ಬೇರೆ ಮನೆಗೆ ಹೋಗಿ ಬಾಗಿಲು ತಟ್ಟಿತು ಅಷ್ಟೇ.

ಇನ್ನು ಮುಂದಿನದು ಅವನು ಹೇಳಿದ್ದು, ನಾನು ಬರೆದದ್ದು. ಎಷ್ಟು ದಿನವಾಗಿತ್ತು ಅವನ ಬಾಯಲ್ಲಿ ಇಷ್ಟು ಮಾತು ಒಟ್ಟಿಗೆ ಬಂದು!

"ಮ್ಯಾಗಜಿನ್ ತೆಗಿ, ಖಾಲಿ ಇದೆ ಅಂತ ಎರಡು ಸಲ ನೋಡು. ಬೋಲ್ಟನ್ನು ಮಿಸ್ತ್ರಿ ಕೈಲಿ ಬಿಚ್ಚಿಸು, ನೀನೂ ಪಕ್ಕದಲ್ಲಿರು. ಪಿನ್ನು ಓಡಾಡೋ ದಾರೀನ ಅಂಟು ಬಿಡಿಸೋ ದ್ರಾವಣದಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಳಗೆ ಒಂದು ಹನಿಯೂ ಬೇಡ, ಒಣಗೇ ಇರಲಿ. ಗುಂಡು ಕೂರೋ ಬಾಯಿ ಅಂಚಿಗೆ ಬ್ರಷ್ ಹಾಕಿ ಮಸಿ ತೆಗಿ, ಇಲ್ಲದಿದ್ರೆ ಗುಂಡು ಪೂರ್ತಿ ಒಳಗೆ ಹೋಗದೆ ಪಿನ್ನಿನ ಏಟನ್ನ ಅದೇ ನುಂಗತ್ತೆ. ಎಣ್ಣೆ ಬೋಲ್ಟಿನ ಹೊರಮೈ ಉಜ್ಜೋ ಕಡೆ ಮಾತ್ರ, ಬೆರಳಿಗೆ ಹತ್ತಿದ್ದನ್ನ ಒರೆಸಿದರೆ ಎಷ್ಟು ಉಳಿಯತ್ತೋ ಅಷ್ಟು. ಪರೀಕ್ಷೆ ಮಾಡ್ತೀನಿ ಅಂತ ಗುಂಡಿಲ್ಲದೆ ಕುದುರೆ ಎಳೀಬೇಡ, ಪಿನ್ನು ಹೋಗಿ ನಳಿಗೆ ಅಂಚಿಗೆ ಬಡಿದು ಮೊಂಡಾಗತ್ತೆ."

ಕೊನೆಗೆ ಇದನ್ನೂ ಬರಿ ಅಂದ. "ಹೊಸದು ಹಿಡಿದರೂ ನನಗೆ ಬೇಜಾರಿಲ್ಲ ಅನ್ನು. ಬೀಳ್ಬೇಕಾದ್ದು ತಟ್ಟೆ. ಆದರೆ ತೊಳೆದು ನೋಡದೆ ಅದಕ್ಕೆ ಕೆಟ್ಟದ್ದು ಅಂತ ಹೆಸರಿಡಬೇಡ ಅನ್ನು."

ಹೇಳಿ ಮುಗಿಸಿ ಹೋಗಿ ಗೋಡೆ ತಡವಿದ. ಮೊಳೆಗಳು ಇವೆಯೇ ಅಂತ ನೋಡಿದನೋ ಏನೋ.

ನಿನ್ನ ಅತ್ತೆ, ಜೊತೆಗೆ ಇಲಿ


ಜನವರಿ ೩೧

ಪ್ರೀತಿಯ ಅತ್ತೆಗೆ, ಅಪ್ಪನಿಗೆ,

ಇದನ್ನು ಯಾರಿಗೆ ಬೇಕಾದರೂ ಓದಿ. ಎದುರುಗಡೆ ಟೈಲರ್ ಮಾಮನಿಗೂ.

ಬೋಲ್ಟು ಬಿಚ್ಚಿದಾಗ ಒಳಗಿನಿಂದ ಬಂದದ್ದು ಬೂಟ್ ಪಾಲಿಶ್. ಮಿಸ್ತ್ರಿ ಅದನ್ನು ಬಟ್ಟೆಗೆ ಒರೆಸಿ ನನ್ನ ಮುಖ ನೋಡಿ, "ಯಾರಮ್ಮ ಇಷ್ಟು ಪ್ರೀತಿ ಮಾಡಿದ್ದು?" ಅಂದ. ನಮ್ಮ ಮನೆತನವೇ ಹಾಗೆ ಅಂದೆ.

ಆಮೇಲೆ ಏನಾಯಿತು ಅಂತ ಬರೆಯುವುದಿಲ್ಲ. ಯಾವ ಬಂದೂಕಿನ ಹೆಸರು ಬರೆದುಕೊಟ್ಟೆ ಅಂತಲೂ ಹೇಳುವುದಿಲ್ಲ. ಇಬ್ಬರೂ ಸೇರಿ ನನ್ನನ್ನು ಒಂದೂವರೆ ತಿಂಗಳು ಆಟ ಆಡಿಸಿದ್ದೀರಿ, ಈಗ ನನ್ನ ಸರದಿ. ಆಯ್ಕೆಯ ದಿನ, ಫೆಬ್ರವರಿ ಎಂಟರ ಬೆಳಗ್ಗೆ, ಅಪ್ಪ ಫೋನಿನ ಹತ್ತಿರ ಕೂತಿರಲಿ. ನಮ್ಮವರು ಪ್ರೇಕ್ಷಕರ ಬೇಲಿಯ ಆಚೆ ನಿಂತು ಫೋನು ಹಿಡಿದುಕೊಂಡಿರುತ್ತಾರೆ. ಯಾವುದು ಅಂತ ಅಪ್ಪನಿಗೆ ಶಬ್ದದಲ್ಲೇ ಗೊತ್ತಾಗುತ್ತದೆ.

ಚಳಿ ಇನ್ನೂ ಇದೆ ಅಪ್ಪಾ. ಬೆಳಗ್ಗೆ ಉಸಿರು ಬಿಟ್ಟರೆ ಕಾಣುತ್ತದೆ.

ಸೂಜಿ


ಫೆಬ್ರವರಿ ೯

ನಮ್ಮ ಸೂಜಿಗೆ,

ಬಾಬಿನ್, ಅಳಿಯಂದಿರು, ಬೀಗಿತ್ತಿಯವರು ಎಲ್ಲರೂ ಸುಖವಾಗಿರಲೇಬೇಕು ಇವತ್ತು. ಯಾರಿಗಾದರೂ ನೆಗಡಿಯಾಗಿದ್ದರೆ ನಾಳೆಗೆ ಮುಂದೂಡಲಿ.

ನಿನಗೆ ಅಲ್ಲಿ ಏನಾಯಿತು ಅಂತ ಗೊತ್ತು. ಇಲ್ಲಿ ಏನಾಯಿತು ಅಂತ ಕೇಳು.

ನಿಮ್ಮಪ್ಪ ಬೆಳಕು ಹರಿಯುವ ಮುಂಚೆಯೇ ಎದ್ದು ಮುಖ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಫೋನಿನ ಮುಂದೆ ಕೂತ. ನಾನು ಎದುರಿಗೆ ಸ್ಟೂಲು ಹಾಕಿಕೊಂಡೆ. ಟೈಲರು ಬಾಗಿಲಲ್ಲಿ ನಿಂತ, ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಫೋನು ಬಂತು. ಅವನು ಕಿವಿಗೆ ಒತ್ತಿಕೊಂಡ. ಇನ್ನೊಂದು ಕೈಯನ್ನು ಮೊಣಕಾಲ ಮೇಲೆ ಅಗಲಿಸಿಟ್ಟ, ಐದು ಬೆರಳೂ ಬಿಚ್ಚಿ.

ನನಗೆ ಏನು ಕೇಳಬೇಕು? ನಾನು ಆ ಬೆರಳು ನೋಡುತ್ತಾ ಕೂತೆ.

ಕಿರುಬೆರಳು ಮಡಚಿತು. ಆಮೇಲೆ ಉಂಗುರದ ಬೆರಳು. ಮೊದಲ ಬೆರಳು ಮಡಚಿದಾಗಲೇ ಅವನ ಮುಖ ಬದಲಾಯಿತು, ಸೂಜಿ. ಗದ್ದ ಮೇಲೆದ್ದಿತು, ಹಣೆ ಸಡಿಲವಾಯಿತು. ಕಣ್ಣು ಇದ್ದ ಕಾಲದಲ್ಲಿ ಗುರಿ ಮೈದಾನದಿಂದ ಗೆದ್ದು ಬಂದು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದನಲ್ಲ, ಆ ಮುಖ. ಅವನು ಹೇಳುವ ಮುಂಚೆಯೇ ನನಗೆ ಗೊತ್ತಾಯಿತು, ಯಾವ ಬಂದೂಕು ಅಂತ.

ಐದೂ ಮಡಚಿ ಮು‍ಷ್ಟಿಯಾಯಿತು. ಬಿಚ್ಚಿದ. ಮತ್ತೆ ಐದೂ ಮಡಚಿತು. ಬಿಚ್ಚಿದ. ಮೂರನೇ ಸಲ ನಾಲ್ಕು ಬೆರಳು ಮಡಚಿ ಹೆಬ್ಬೆರಳು ನಿಂತುಬಿಟ್ಟಿತು.

ನಿಂತೇ ಇತ್ತು. ಟೈಲರು ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಲ್ಲಿ ಟಿಕ್ ಅಂದಿತೇನೋ ಅಂತ ನಾನು ಸ್ಟೂಲಿನಿಂದ ಎದ್ದುಬಿಟ್ಟೆ. ನಿಮ್ಮಪ್ಪನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

ಹೆಬ್ಬೆರಳು ಮಡಚಿತು.

ಆಮೇಲೆ ಕೇಳಿದೆ, ಆಗ ಏನಾಗಿತ್ತು ಅಂತ. "ಏನೂ ಆಗಿರ್ಲಿಲ್ಲ. ಉಸಿರು ತಗೊಂಡ್ಳು. ಬಂದೂಕು ನಿಲ್ಲೋ ಶಬ್ದ ಬೇರೆ, ಹೊಡೆಯೋಳು ನಿಲ್ಲೋ ಶಬ್ದ ಬೇರೆ." ಫೋನನ್ನು ಪಕ್ಕಕ್ಕೆ ಸರಿಸಿ, "ನಾನಾಗಿದ್ರೆ ನಿಲ್ತಿರ್ಲಿಲ್ಲ, ಅವಸರ ಮಾಡಿ ತಪ್ಪಿಸ್ತಿದ್ದೆ. ನನಗಿಂತ ಚೆನ್ನಾಗಿ ಹೊಡೀತಾಳೆ ಅಕ್ಕ" ಅಂದ. ಇದನ್ನು ನಿನಗೆ ಬರೆಯಬೇಡ ಅಂದಿದ್ದಾನೆ. ಅದಕ್ಕೇ ಬರೆದಿದ್ದೇನೆ. ಈ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತೇ ಇದೆ.

ಮಧ್ಯಾಹ್ನ ಪೆಟ್ಟಿಗೆ ತೆಗೆಸಿದ. ಪದಕಗಳಿಗೆ ಕಿಲುಬು ಹಿಡಿದಿತ್ತು. ನಾನು ಉಜ್ಜಿಕೊಟ್ಟೆ, ಅವನು ಮೊಳೆ ತಡವಿ ತಡವಿ ನೇತುಹಾಕಿದ. ಒಂದು ಮೊಳೆ ಖಾಲಿ ಬಿಟ್ಟಿದ್ದಾನೆ. ಕೇಳಿದರೆ, ಇದು ಟಿಕೆಟ್ ಕೌಂಟರಿನವಳದ್ದು ಅಂದ. ನಾನು ಅದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು, ಬೆಳಗಿನ ಸೋಪಿನ ಬಿಲ್ಲೆಗೆ ದಾರ ಕಟ್ಟಿ ನೇತುಹಾಕಿದೆ. ಮ್ಯಾಗಜಿನ್ ವಾಸಿ ಮಾಡಿದವಳಿಗೂ ಒಂದು ಪದಕ ಬೇಡವೇ? ಬೋನನ್ನು ಟೈಲರಿಗೆ ಕೊಟ್ಟುಬಿಟ್ಟೆ.

ಎಣ್ಣೆಡಬ್ಬಿಯನ್ನು ಬಾಬಿನ್‌ಗೆ ಆಟಕ್ಕೆ ಕೊಡಬೇಡ. ಅದಕ್ಕೆ ತಕ್ಕ ಮಿಷಿನ್ನು ನಾನೇ ಕಳಿಸುತ್ತೇನೆ, ಅವನು ಸ್ವಲ್ಪ ಎತ್ತರವಾಗಲಿ.

ಈಗ ನನ್ನ ತಕರಾರು. ಅವನಿಗೆ ಎಲ್ಲ ಕಿವಿಯಲ್ಲೇ ಬಂತು. ನಾನು ನೋಡಿದ್ದು ಒಂದು ಮುಷ್ಟಿ ಮಾತ್ರ. ನೀನು ಎಲ್ಲಿ ನಿಂತಿದ್ದೆ, ತಟ್ಟೆ ಹೇಗೆ ಬಿತ್ತು, ಮೀಸೆ ಸಾರ್ ಮೀಸೆ ಎತ್ತ ತಿರುಗಿತು, ನಿನಗೆ ಕೊಟ್ಟ ತಂಡದ ಅಂಗಿಯ ಬಣ್ಣ ಯಾವುದು, ಭುಜದ ಹೊಲಿಗೆ ನೆಟ್ಟಗಿದೆಯೇ, ಎಲ್ಲವೂ ನನಗೆ ಶಾಯಿಯಲ್ಲಿ ಬರಬೇಕು. ಅಂಚೆಯವನಿಗೆ ಹೇಳಿಟ್ಟಿದ್ದೇನೆ, ನಮ್ಮ ಬಾಗಿಲಲ್ಲಿ ಸೈಕಲ್ ನಿಧಾನಿಸು ಅಂತ. ಬೇಗ ಬರೆ, ಉದ್ದಕ್ಕೆ ಬರೆ. ಈ ಸಲ ಗೊತ್ತಿದ್ದೇ ಜೋರಾಗಿ ಓದುತ್ತೇನೆ.

ನಿನ್ನ ಅತ್ತೆ